40 ವರ್ಷ ಬಿಟ್ಟು ಹಾಡಿದ ಅಬ್ಬಾ: ಅಣ್ಣನಿಗೆ ಕೇಳಿಸಲೋ ಬೇಡವೋ?

ಲೆಕ್ಕದ ಟೀಚರ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ಹಾಡಿನ ವಿಷಯ ಮಾತಾಡೋ ಜಾಗಕ್ಕೆ ಮನೆ ವಿಷಯ ತರ್ತಿದ್ದೀನಿ. ಎರಡನ್ನೂ ಬಿಡಿಸಿ ಹೇಳಕ್ಕೆ ನನಗೆ ಆಗ್ತಿಲ್ಲ. ಅಬ್ಬಾ ಅಂದ್ರೆ ಸ್ವೀಡನ್ನಿನ ನಾಲ್ವರ ಪಾಪ್ ಗುಂಪು, ಮುಖ್ಯವಾಗಿ ಹಾಡೋರು ಆಗ್ನೆತಾ, ಫ್ರೀಡಾ ಅನ್ನೋ ಇಬ್ಬರು ಹೆಂಗಸರು.

ನಮ್ಮಣ್ಣ 1987ರಿಂದ ಮೂರು ವರ್ಷ ಮೈಸೂರಲ್ಲಿ ಡಿಪ್ಲೊಮಾ ಓದಿದ. ಶನಿವಾರ ಸಂಜೆ ಪ್ಯಾಸೆಂಜರ್ ರೈಲಿಗೆ ಮಂಡ್ಯಕ್ಕೆ ಬರೋನು, ಸೋಮವಾರ ಬೆಳಿಗ್ಗೆ ವಾಪಸ್. ಎರಡನೇ ವರ್ಷ ಒಂದ್ಸಲ ಒಗೆಯೋ ಬಟ್ಟೆ ಮಧ್ಯೆ ಟವೆಲ್ಲಲ್ಲಿ ಸುತ್ಕೊಂಡು ಒಂದು ಟಿಡಿಕೆ ಕ್ಯಾಸೆಟ್ ತಂದ. ಮೆಸ್ ದುಡ್ಡಲ್ಲಿ ಉಳಿಸಿ, ದೇವರಾಜ ಅರಸು ರಸ್ತೆ ಹತ್ತಿರದ ಅಂಗಡೀಲಿ ಹಾಡು ತುಂಬಿಸ್ಕೊಂಡು ಬಂದಿದ್ದ. ಅಂಗಡಿಯೋನು ಡಬ್ಬಿ ಬೆನ್ನಿನ ಮೇಲೆ ನೀಲಿ ಇಂಕಲ್ಲಿ ಕನ್ನಡದಲ್ಲೇ 'ಅಬ್ಬಾ' ಅಂತ ಬರೆದಿದ್ದ. ನಮ್ಮಮ್ಮ ಅಕ್ಕಿ ಆರಿಸ್ತಾ ಕೂತಿದ್ದೋರು ಅದನ್ನ ಓದಿ, "ಅದೇನ್ಲಾ ಮಗ, ಹಾಡ್‌ಗೆ ಅಬ್ಬಾ ಅಂತಾನಾ ಹೆಸ್ರು?" ಅಂದ್ರು. ಹಾಕಿದ ಮೇಲೆ ಮಾತಾಡಲಿಲ್ಲ. ಮೊರ ತೊಡೆ ಮೇಲಿಟ್ಕೊಂಡು ಒಂದು ಕಡೆ ಮುಗಿಯೋವರೆಗೂ ಕೇಳಿದ್ರು.

ನಮ್ಮನೇಲಿ ಇದ್ದದ್ದು ರೇಡಿಯೋ, ಟೇಪು ಎರಡೂ ಇರೋ ಟೂ-ಇನ್-ಒನ್. ಆರು ದಪ್ಪ ಸೆಲ್ ಹಾಕ್ಬೇಕಿತ್ತು. ಸಂಜೆ ಕರೆಂಟ್ ಇರ್ತಿರಲಿಲ್ಲ, ಆದ್ರಿಂದ ಸೆಲ್ ಮೇಲೇ ಕೇಳೋದು. ಸೆಲ್ ವೀಕಾಗ್ತಾ ಬಂದ ಹಾಗೆ ಟೇಪು ನಿಧಾನ ಆಗೋದು, ಆ ಇಬ್ಬರು ಹೆಂಗಸರ ದನಿ ದಪ್ಪ ಆಗ್ತಾ ಆಗ್ತಾ ಗಂಡಸ್ರ ದನಿ ಥರ ಕೇಳೋದು. ಅಣ್ಣ ಭಾನುವಾರ ಸೆಲ್ಲೆಲ್ಲ ತೆಗೆದು ಮಹಡಿ ಮೇಲೆ ಬಿಸಿಲಿಗೆ ಸಾಲಾಗಿ ಜೋಡಿಸೋನು. ಅದರಿಂದ ಇನ್ನೊಂದು ಅರ್ಧ ಗಂಟೆ ಸಿಗ್ತಿತ್ತು. ಆ ಅರ್ಧ ಗಂಟೆಗೆ ನಾವಿಬ್ಬರೂ ಕಾಯ್ತಿದ್ವಿ.

ಆಮೇಲೆ ಅವನು ಹೊರ ಜಿಲ್ಲೆಯ ಒಂದು ನೂಲಿನ ಮಿಲ್ಲಿಗೆ ಸೇರಿದ. 26 ವರ್ಷ ಆ ಮೆಷಿನ್ ಸದ್ದಲ್ಲಿ ಇದ್ದ. ಕಿವಿಗೆ ಹಾಕ್ಕೊಳಕ್ಕೆ ಏನಾದ್ರೂ ಕೊಟ್ರಾ ಅಂತ ಕೇಳಿದ್ರೆ "ಹತ್ತಿ ಇತ್ತಲ್ಲ" ಅಂತಾನೆ. ಈಗ ಮಂಡ್ಯದಲ್ಲೇ ಇದಾನೆ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಎರಡು ವರ್ಷದಿಂದ ಕಿವಿಗೆ ಮೆಷಿನ್. ಹಾಡು ಕೇಳೋದು ಪೂರ್ತಿ ಬಿಟ್ಟಿದಾನೆ.

ಕಳೆದ ತಿಂಗಳು ಅಟ್ಟ ಗುಡಿಸುವಾಗ ಆ ಕ್ಯಾಸೆಟ್ ಸಿಕ್ತು. ಪಕ್ಕದ ಮನೆಯೋರ ಹಳೇ ಡೆಕ್ಕಲ್ಲಿ ಹಾಕಿ ಕೇಳಿಸಿದೆ. ಒಂದು ನಿಮಿಷ ಕೇಳಿ "ಮಬ್ಬಾಗದೆ ಕಣವ್ವ, ಕ್ಯಾಸೆಟ್ ಹಾಳಾಗೋಗದೆ" ಅಂದು ಎದ್ದ. ಸರಿ, 2021ರಲ್ಲಿ ಅವರೇ ಮತ್ತೆ ಸೇರಿ ಹಾಡಿದಾರೆ, ಅದನ್ನ ಹಾಕ್ತೀನಿ ಕೇಳು ಅಂದೆ. ಅದಕ್ಕೆ ಅವನ ಉತ್ತರ: "ಎಪ್ಪತ್ತು ದಾಟಿದೋರ ಕೈಲಿ ಯಾಕವ್ವ ಹಾಡುಸ್ಬೇಕು? ಆ ಹೆಣ್ಮಕ್ಳು ನನ್ ತಲೇಲಿ ಅಂಗೇ ಇರ್ಲಿ, ಬುಡು."

ನಾನು ಆ ಆಲ್ಬಂ ಒಬ್ಬಳೇ ಕೇಳಿದೀನಿ. ಮೊದಲನೇ ಹಾಡಿಗೇ ಸಾರಿಗೆ ಒಗ್ಗರಣೆ ಹಾಕ್ತಿದ್ದ ಕೈ ನಿಂತೋಯ್ತು. ದನಿ ಇಳಿದಿದೆ, ನಿಜ. ಆದ್ರೆ ಅದು ಕುಂದು ಅಂತ ನನಗೆ ಅನ್ನಿಸಲಿಲ್ಲ.

ತಿಳಿದೋರು ಹೇಳಿ. ಆ ಕ್ಯಾಸೆಟ್ಟನ್ನ ಸರಿ ಮಾಡಬಹುದಾ? ಎಷ್ಟೋ ವರ್ಷ ಬಿಟ್ಟು ಮತ್ತೆ ಹಾಡಕ್ಕೆ ಬಂದೋರನ್ನ ಕೇಳೋದ್ರಿಂದ ಹಳೇದು ಕೆಡುತ್ತಾ? ಅಣ್ಣನಿಗೆ ಬಲವಂತ ಮಾಡಲಾ, ಬಿಟ್ಟುಬಿಡಲಾ?

ಟೇಪ್ ರಿಪೇರಿ, ಅಗ್ರಹಾರ

ಟೀಚರಮ್ಮ, ಮೊದಲು ಕ್ಯಾಸೆಟ್ ವಿಷಯ. ದಯವಿಟ್ಟು ಇನ್ನೊಂದು ಸಲ ಹಾಗೇ ಹಾಕಬೇಡಿ. ಮೂವತ್ತು ಚಿಲ್ಲರೆ ವರ್ಷ ಅಟ್ಟದ ಮೇಲಿದ್ದ ಟೇಪು ಸುರುಳಿಗೆ ಸುರುಳಿ ಅಂಟಿರುತ್ತೆ. ಮೋಟಾರಿನ ಎಳೆತಕ್ಕೆ ಪಟ್ ಅಂತ ತುಂಡಾಗುತ್ತೆ. ಆರು ಮೂಲೆ ಇರೋ ಪೆನ್ಸಿಲ್ ಹಲ್ಲಿಗೆ ಸಿಕ್ಕಿಸಿ ಕೈಯಲ್ಲೇ ಒಂದು ಸಲ ಆ ತುದಿಗೆ, ಒಂದು ಸಲ ಈ ತುದಿಗೆ ಸುತ್ತಿ. ಬಿಳಿ ಪುಡಿ ಕಂಡರೆ ಬೂಷ್ಟು, ಅಲ್ಲಿಗೆ ನಿಲ್ಲಿಸಿ. ಆ ಪುಡಿ ಡೆಕ್ಕಿಗೆ ಅಂಟಿದರೆ ಮುಂದೆ ಹಾಕೋ ಕ್ಯಾಸೆಟ್ಟಿಗೆಲ್ಲ ಹತ್ತುತ್ತೆ.

ಆಮೇಲೆ ಕ್ಯಾಸೆಟ್ಟಿನ ಬಾಯಿ ಕಡೆ ನೋಡಿ. ನಡುವೆ ತಾಮ್ರದ ಬಣ್ಣದ ಸಣ್ಣ ಪಟ್ಟಿ, ಅದರ ಮೇಲೆ ಅಕ್ಕಿ ಕಾಳಿನಷ್ಟು ಉಣ್ಣೆ ತುಂಡು ಇರಬೇಕು. ಟೇಪನ್ನ ಹೆಡ್ಡಿಗೆ, ಅಂದರೆ ಡೆಕ್ಕಲ್ಲಿ ಟೇಪಿನ ಹಾಡು ಓದೋ ಭಾಗಕ್ಕೆ, ಒತ್ತಿ ಹಿಡಿಯೋದು ಅದೇ. ಗೋಂದು ಒಣಗಿ ಅದು ಉದುರಿಹೋಗಿದ್ದರೆ ಹಾಡು ಮಬ್ಬಾಗಿಯೇ ಕೇಳೋದು. ಮೂಲೆಯ ನಾಲ್ಕು, ನಡುವಿನ ಒಂದು, ಐದು ಸ್ಕ್ರೂ ಬಿಚ್ಚಿ, ಹಾಳಾದ ಬೇರೆ ಕ್ಯಾಸೆಟ್ಟಿನ ಪಟ್ಟಿ ತೆಗೆದು ಇದಕ್ಕೆ ಕೂರಿಸಬಹುದು. ಬಿಚ್ಚುವಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಒಳಗಿನ ಪುಟ್ಟ ಉರುಳೆ ಜಾರಿ ಬಿದ್ದರೆ ಹುಡುಕೋದು ಕಷ್ಟ.

ಇನ್ನೊಂದು ಕಾರಣ ಡೆಕ್ಕಿನ ಹೆಡ್ಡು ವಾಲಿರೋದು. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಹಾಡು ಹಾಕಿಕೊಂಡೇ ಅದನ್ನ ಕೂದಲೆಳೆಯಷ್ಟು ತಿರುಗಿಸಿದರೆ ತಾಳದ ಸದ್ದು ಥಟ್ಟನೆ ತೆರೆದುಕೊಳ್ಳೋ ಜಾಗ ಸಿಗುತ್ತೆ. ನಾನು ನಲವತ್ತು ವರ್ಷ ಮಾಡಿದ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಕ್ಷಣ ಅದು. ಗಿರಾಕಿ ಮುಖ ನೋಡಬೇಕು ಆಗ.

ಈ ಗುಂಪಿನ ಹಾಡಿಗೆ ಆ ಹೊಳಪು ಬಹಳ ಮುಖ್ಯ. ಅವರ ರೆಕಾರ್ಡಿಂಗ್ ಮಾಡ್ತಿದ್ದ ಮೈಕೆಲ್ ಟ್ರೆಟೋ ಅನ್ನೋರು 1973ರಿಂದ ಒಂದು ಕೈಚಳಕ ಹಿಡಿದರು. ಒಂದೇ ಭಾಗವನ್ನ ಎರಡೆರಡು ಸಲ ಹಾಡಿಸಿ, ನುಡಿಸಿ, ಎರಡನೇ ಸಲ ಟೇಪಿನ ವೇಗ ಒಂದು ಚೂರು ಬದಲಾಯಿಸೋರು. ಎರಡು ಪದರ ಒಂದರ ಮೇಲೊಂದು ಪೂರ್ತಿ ಕೂರಲ್ಲ, ಅಂಚು ಮಿನುಗುತ್ತೆ. ಇಬ್ಬರೇ ಹಾಡ್ತಿದ್ದರೂ ಹತ್ತು ಜನ ಹಾಡಿದ ಹಾಗೆ ಕೇಳೋದು ಅದರಿಂದ. ಆ ಅಂಚು ಹೋದರೆ ಅರ್ಧ ಹಾಡು ಹೋಯಿತು.

ಒಂದು ಪ್ರಶ್ನೆ. ಅಣ್ಣನವರಿಗೆ ಮಬ್ಬು ಅನ್ನಿಸಿತು ಅಂದಿರಿ. ಪಕ್ಕದಲ್ಲೇ ಕೂತಿದ್ದ ನಿಮಗೆ ಹೇಗೆ ಕೇಳಿಸಿತು?

ಬೋಗಾದಿಯ ಬೋನಿ ಎಂ ಅಭಿಮಾನಿ

ಅಣ್ಣನವರ ಪರವಾಗಿ ನಾನು ಮಾತಾಡ್ತೀನಿ ಮೇಡಮ್. ಬಲವಂತ ಮಾಡಬೇಡಿ.

ನನಗೆ ಹೈಸ್ಕೂಲಿಂದ ಬೋನಿ ಎಂ ಅನ್ನೋ ಡಿಸ್ಕೋ ಗುಂಪು ಅಂದರೆ ಪ್ರಾಣ. ಗಣಪತಿ ಪೆಂಡಾಲಿನಲ್ಲಿ ಕನ್ನಡ ಹಾಡು ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಅದನ್ನೇ ಹಾಕಿ ಕುಣಿದಿದ್ದೀವಿ. ಆ ಗುಂಪು 1986ರಲ್ಲಿ ಮುರಿದ ಮೇಲೆ ಒಬ್ಬೊಬ್ಬ ಸದಸ್ಯರು ಒಂದೊಂದು ತಂಡ ಕಟ್ಟಿಕೊಂಡು ಅದೇ ಹೆಸರಲ್ಲಿ ಊರೂರು ಸುತ್ತಿದರು. ಎಷ್ಟು ಸಲ ವಾಪಸ್ ಬಂದರೋ ಲೆಕ್ಕವೇ ಇಲ್ಲ. ಕುಣಿಯೋ ಬಾಬಿ ಫ್ಯಾರೆಲ್‌ನ ದನಿ ಅಂತ ನಾವು ನಂಬಿದ್ದ ಆ ಗಡಸು ದನಿ ಸ್ಟುಡಿಯೋದಲ್ಲಿ ನಿರ್ಮಾಪಕ ಫ್ರಾಂಕ್ ಫೇರಿಯನ್‌ದು ಅಂತ ತಿಳಿದ ದಿನ ನನಗೆ ಊಟ ಸೇರಲಿಲ್ಲ. ಇದನ್ನ ಅತಿಶಯಕ್ಕೆ ಹೇಳ್ತಿಲ್ಲ. ಹೆಂಗಸರಲ್ಲಿ ಲಿಜ್ ಮಿಚೆಲ್ ನಿಜವಾಗಿ ಹಾಡಿದೋರು ಅನ್ನೋದೇ ಸಮಾಧಾನ.

ಬಾಬಿ 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡ. ಹಿಂದಿನ ರಾತ್ರಿ ಅಲ್ಲೇ ಕಾರ್ಯಕ್ರಮ ಕೊಟ್ಟಿದ್ದ. ಅವರ ಒಂದು ಹಾಡಿನ ಕಥಾನಾಯಕ, ಅವನು ವೇದಿಕೆ ಮೇಲೆ ವೇಷ ಹಾಕಿ ಕುಣಿಯುತ್ತಿದ್ದ ರಷ್ಯಾದ ರಾಸ್‌ಪುಟಿನ್ ಸತ್ತದ್ದೂ ಅದೇ ಊರಲ್ಲಿ, ಅದೇ ತಾರೀಖಿಗೆ, 1916ರಲ್ಲಿ. ಪತ್ರಿಕೆಯಲ್ಲಿ ಓದಿದಾಗ ಮೈ ಜುಂ ಅಂದಿತು. 61 ವಯಸ್ಸಲ್ಲೂ ಅವನು ಕುಣಿಯುತ್ತಲೇ ಇರಬೇಕಾಯಿತಲ್ಲ, ನಮ್ಮಂಥೋರು ಮತ್ತೆ ಮತ್ತೆ ಬಾ ಅಂದದ್ದಕ್ಕೇ ಅಲ್ಲವಾ ಅಂತ ಇವತ್ತಿಗೂ ಮನಸ್ಸು ಚುಚ್ಚುತ್ತೆ.

ಹಾಗಾಗಿ ಹಳೇದನ್ನ ಹಳೇದಾಗೇ ಇಟ್ಟುಕೊಳ್ಳೋ ಹಕ್ಕು ಅಣ್ಣನವರಿಗಿದೆ.

ನಿತ್ಯೋತ್ಸವ 78

ಮೈಸೂರು ಅನಂತಸ್ವಾಮಿ 1995ರಲ್ಲಿ ಹೋದರು. ಅಶ್ವತ್ಥ್ 2009. ಎಸ್‌ಪಿಬಿ 2020. ನಾನು ದಿನಾ ಕೇಳೋ ಮೂವರೂ ಇನ್ನು ಹೊಸದಾಗಿ ಒಂದು ಸಾಲೂ ಹಾಡಲ್ಲ. ಇದ್ದು ಹಾಡ್ತಿರೋರು ಸಿಕ್ಕಿದ್ದಾರೆ ನಿಮಗೆ. ಕೇಳಿಸಿ ಮೇಡಮ್.

ಗಂಗೋತ್ರಿ ಹುಡುಗಿ

ಟೀಚರ್, ನನಗೆ 23. ನಿಮ್ಮ ಪೋಸ್ಟನ್ನ ಹಾಸ್ಟೆಲ್ಲಲ್ಲಿ ರೂಮ್‌ಮೇಟಿಗೆ ಜೋರಾಗಿ ಓದಿ ಹೇಳಿದೆ, ಇಬ್ಬರಿಗೂ ಬಿಸಿಲಿಗಿಟ್ಟ ಸೆಲ್ ಕಣ್ಣಿಗೆ ಕಟ್ಟಿತು.

ನಾನು ಕೊರಿಯಾದ ಹಾಡು ಕೇಳೋಳು. ಅಲ್ಲಿ 'ಕಮ್‌ಬ್ಯಾಕ್' ಅನ್ನೋ ಪದಕ್ಕೆ ಬೇರೆ ಅರ್ಥ ಇದೆ. ಆರು ತಿಂಗಳ ಹಿಂದೆ ಆಲ್ಬಂ ಬಂದು ಈಗ ಇನ್ನೊಂದು ಬಂದರೂ ಕಮ್‌ಬ್ಯಾಕೇ. ಎಲ್ಲೂ ಹೋಗಿರಬೇಕು ಅಂತಿಲ್ಲ. ಹೊಸ ಹಾಡು ಹಿಡ್ಕೊಂಡು ಮತ್ತೆ ನಮ್ಮ ಮುಂದೆ ನಿಂತರು ಅಂದರೆ ಬಂದರು ಅಂತ ಲೆಕ್ಕ. ಹಾಗಾಗಿ ಹಳೇ ಹೆಸರು ಹೇಳ್ಕೊಂಡು ಹಳೇ ಹಾಡೇ ಹಾಡೋದಕ್ಕೂ, ಹೊಸ ಹಾಡು ಕಟ್ಟಿ ತರೋದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣ್ಸುತ್ತೆ. ಬೋಗಾದಿ ಅಂಕಲ್ ಹೇಳಿದ್ದು ಮೊದಲನೇದು. ಅಬ್ಬಾ ಮಾಡಿದ್ದು ಎರಡನೇದು: ಹತ್ತು ಹಾಡು. ಅದರಲ್ಲಿ ಒಂದರ ದನಿ ಮಾತ್ರ 1978ರಲ್ಲಿ ಹಾಡಿಟ್ಟಿದ್ದು, ಹಿಮ್ಮೇಳ ಹೊಸದು.

ಕುಣಿಯೋ ಕೆಲಸಕ್ಕೂ ಅವರು ದಾರಿ ಹುಡುಕಿದರು. ಐದು ವಾರ ಮೈತುಂಬ ಸೆನ್ಸರ್ ಹಾಕ್ಕೊಂಡು 160 ಕ್ಯಾಮೆರಾ ಮುಂದೆ ಹಾಡಿ ನಟಿಸಿದ್ರು. ಈಗ ಲಂಡನ್ನಿನಲ್ಲಿ ಅದಕ್ಕೇ ಕಟ್ಟಿದ ಅರೆನಾದಲ್ಲಿ, 2022ರ ಮೇ ತಿಂಗಳಿಂದ, ಅವರ ಯೌವನದ ರೂಪ ಕಂಪ್ಯೂಟರಲ್ಲಿ ಮೂಡಿ ಹಾಡುತ್ತೆ, ಪಕ್ಕದಲ್ಲಿ ಹತ್ತು ಜನ ನಿಜವಾದ ವಾದ್ಯದೋರು. ಅಜ್ಜ ಅಜ್ಜಿ ವಯಸ್ಸಿನ ಆ ನಾಲ್ವರು ಮನೇಲಿರಬಹುದು.

ಇನ್ನೊಂದು. ಕೇಟ್ ಬುಷ್ ಅನ್ನೋರ 1985ರ ಹಾಡು ಒಂದು ವೆಬ್ ಸೀರೀಸಲ್ಲಿ ಬಂದು 2022ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋಯ್ತು. 37 ವರ್ಷ ಆದ ಮೇಲೆ. ಅವರು ಎಲ್ಲಿಗೂ ವಾಪಸ್ ಬರಲಿಲ್ಲ, ನಾವು ಹೋದ್ವಿ ಅವರ ಹತ್ತಿರ. ಅಣ್ಣಾವ್ರು 1978ರಲ್ಲಿ ಹಾಡಿದ 'ಇಫ್ ಯು ಕಮ್ ಟುಡೇ' ಕೂಡ ನನಗೆ ಸಿಕ್ಕಿದ್ದು ಫೋನಲ್ಲೇ, ಅದೂ ಕನ್ನಡ ಬರದ ಒಬ್ಬಳು ಕಳಿಸಿ. ಲಕ್ಕಿ ಅಲಿ 1996ರ ಹಾಡನ್ನ 2020ರಲ್ಲಿ ಬೆಳ್ಳಿಗಡ್ಡದಲ್ಲಿ ಗಿಟಾರ್ ಹಿಡ್ಕೊಂಡು ಹಾಡಿದ ವಿಡಿಯೋ ನೋಡಿದ ಮೇಲೇ ನಾನು ಮೂಲ ಹುಡುಕಿದ್ದು. ಕೇಳಿದರೆ ಮೂಲ ತೆಳುವಾಗಿದೆ ಅನ್ನಿಸ್ತು. ನನಗೆ ಗಡ್ಡದ ಅಂಕಲ್ ಹಾಡೇ ಇಷ್ಟ.

ಲೆಕ್ಕದ ಟೀಚರ್, ಮಂಡ್ಯ

ಅಗ್ರಹಾರದ ಯಜಮಾನ್ರೇ, ನೀವು ಕೇಳಿದ ಪ್ರಶ್ನೆ ನನ್ನನ್ನ ಎರಡು ದಿನ ಸುಮ್ಮನೆ ಕೂರಿಸ್ತು. ನನಗೆ ಚೆನ್ನಾಗೇ ಕೇಳಿಸಿತ್ತು. ಸ್ವಲ್ಪ ಸೊರ ಸೊರ ಅಂತಿತ್ತು, ಮಬ್ಬು ಇರಲಿಲ್ಲ. ಉಣ್ಣೆ ತುಂಡೂ ಜಾಗದಲ್ಲೇ ಇದೆ, ನೋಡಿದೆ.

ಹಾಗಾದ್ರೆ ಹಾಳಾಗಿರೋದು ಕ್ಯಾಸೆಟ್ ಅಲ್ಲ. ಅವನಿಗೆ ಇದನ್ನ ಹೇಗೆ ಹೇಳೋದು?

ಕಿವಿಮಾತು

ಟೀಚರ್, ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದವಳು. ಅಣ್ಣನನ್ನು ನೋಡದೆ ಅವರ ಕಿವಿ ಹೀಗೇ ಇದೆ ಎಂದು ಹೇಳಲಾರೆ. ಆದರೆ ನೀವು ಬರೆದಂಥ ಕಥೆಯನ್ನು ಮಿಲ್ಲಿನಿಂದ ಬಂದವರಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿ ಇದ್ದವರಿಗೆ ಕಿವಿಯೊಳಗಿನ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ವರಗಳು, 4000 ಹರ್ಟ್ಸ್ ಆಸುಪಾಸಿನವು. ವಯಸ್ಸೂ ಮೇಲಿಂದ ಕೆಳಗೆ ಕತ್ತರಿಸುತ್ತಾ ಬರುತ್ತದೆ. ಮಾತಿನಲ್ಲಿ ಸ, ಶ, ತ ಹೋಗುತ್ತವೆ. ಹಾಡಿನಲ್ಲಿ ತಾಳದ ಝಣ್ ಸದ್ದು, ದನಿಯ ಅಂಚಿನ ಮಿನುಗು ಹೋಗುತ್ತದೆ. ಅಂದರೆ ಯಜಮಾನರು ಹೇಳಿದ ಆ ಟ್ರೆಟೋ ಅವರ ಹೊಳಪು ಎಲ್ಲಿದೆಯೋ ಅಲ್ಲೇ ಅಣ್ಣನ ಕಿವಿಯಲ್ಲಿ ಕತ್ತಲೆ. ದನಿಯ ಮೈ ಕೇಳಿಸುತ್ತದೆ, ಅದರ ಬೆಳಕು ಕೇಳಿಸುವುದಿಲ್ಲ. ಅವರು ಅದನ್ನು 'ಮಬ್ಬು' ಎಂದಿದ್ದಾರೆ, ಬಹಳ ಸರಿಯಾದ ಪದ.

ಮೆಷಿನ್ ಹಾಕಿದ್ದಾರಲ್ಲ ಎಂದರೆ, ಆ ಮೆಷಿನ್ ಮಾತಿಗೆ ಹೊಂದಿಸಿದ್ದು. ಹಿನ್ನೆಲೆ ಸದ್ದು ಅಂತ ತಿಳಿದು ವಾದ್ಯವನ್ನು ಅದುಮುತ್ತದೆ. ಒಂದೇ ಸ್ವರವನ್ನು ಎಳೆದು ಹಾಡಿದರೆ ತನ್ನದೇ ಸೀಟಿ ಎಂದು ತಪ್ಪು ತಿಳಿದು ಅದನ್ನೂ ತಡೆಯಲು ನೋಡುತ್ತದೆ, ಆಗ ಸ್ವರ ನಡುಗಿದಂತೆ ಕೇಳುತ್ತದೆ. ಹಾಡು ಬಿಟ್ಟವರಲ್ಲಿ ಎಷ್ಟೋ ಜನ ಬಿಟ್ಟದ್ದು ಇದಕ್ಕೇ. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿ ಸಂಗೀತಕ್ಕೆ ಬೇರೆಯದೇ ಪ್ರೋಗ್ರಾಂ ಇಡಬಹುದು. ಕೇಳದಿದ್ದರೆ ಯಾರೂ ಹಾಕಿಕೊಡುವುದಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮಗೆ ಒಂದು ಗಂಟೆಯ ದಾರಿ. ಹಳೆಯ ರಿಪೋರ್ಟು, ಮೆಷಿನ್ ಎರಡನ್ನೂ ತೆಗೆದುಕೊಂಡು ಬೆಳಿಗ್ಗೆ ಬೇಗ ಹೋಗಿ. "ಅಣ್ಣನಿಗೆ ಹಾಡು ಕೇಳಬೇಕು" ಎಂದು ಬಾಯಿಬಿಟ್ಟು ಹೇಳಿ.

ಇನ್ನು ಆ ಹೊಸ ಆಲ್ಬಂ. ದನಿ ಇಳಿದಿದೆ ಎಂದು ನೀವೇ ಬರೆದಿದ್ದೀರಿ. ಇಳಿದ ದನಿ ಅಣ್ಣನಿಗೆ ಕೇಳಿಸುವ ಜಾಗಕ್ಕೆ ಹತ್ತಿರ ಬಂದಿದೆ. ನಾನಾಗಿದ್ದರೆ ಹಳೆಯದಕ್ಕಿಂತ ಮೊದಲು ಅದನ್ನೇ ಹಾಕುತ್ತಿದ್ದೆ.

ಬೋಗಾದಿಯ ಬೋನಿ ಎಂ ಅಭಿಮಾನಿ

ಕಿವಿಮಾತು ಅವರೇ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಮಾತು ವಾಪಸ್ ತಗೊಳ್ತೀನಿ. ಟೀಚರ್, ಏನಾಯಿತು ಅಂತ ಖಂಡಿತ ಬರೀರಿ.

ಲೆಕ್ಕದ ಟೀಚರ್, ಮಂಡ್ಯ

ಐದು ವಾರ ಆಯ್ತು, ಕ್ಷಮಿಸಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಸ್ಪೆಷಲ್ ಕ್ಲಾಸ್ ಇತ್ತು.

ಅಣ್ಣನಿಗೆ ನೇರವಾಗಿ ಹೇಳಿಬಿಟ್ಟೆ. "ಕ್ಯಾಸೆಟ್ ಚೆನ್ನಾಗದೆ ಅಣ್ಣ, ನಿನ್ ಕಿವಿಗೆ ಮೇಲಿನ ಸ್ವರ ಬೀಳ್ತಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಾರೆ ಹಾಡ್ಗೆ ಏನೂ ಆಗಿಲ್ವಾ?" ಅಂತ ಕೇಳಿದ. ಇಲ್ಲ ಅಂದೆ. ಅವನ ಮುಖದಲ್ಲಿ ಕಂಡದ್ದು ನೆಮ್ಮದಿ. ತನ್ನ ಕಿವಿ ಹೋಗಿರೋದು ಅವನಿಗೆ ಗೊತ್ತಿತ್ತು, ಆ ಹಾಡೂ ಹೋಯ್ತಲ್ಲ ಅನ್ನೋದೇ ಅವನ ಸಂಕಟ ಆಗಿತ್ತು ಅಂತ ನನಗೆ ಅಲ್ಲೀತನಕ ತಿಳಿದಿರಲಿಲ್ಲ.

ಮೈಸೂರಿಗೆ ಎರಡು ಸಲ ಹೋಗಿ ಬಂದ್ವಿ. ಅಲ್ಲಿನ ಹುಡುಗಿ ಬಹಳ ತಾಳ್ಮೆಯಿಂದ ಕೂತು ಸಂಗೀತದ ಪ್ರೋಗ್ರಾಂ ಹಾಕಿಕೊಟ್ಟಳು. ಮೆಷಿನ್ ಹಿಂದಿನ ಗುಂಡಿ ಒತ್ತಿ ಬದಲಾಯಿಸ್ಕೋಬೇಕು. ಮೊದಲ ವಾರ ಅವನು ಮಾತಿಗೂ ಅದನ್ನೇ ಇಟ್ಕೊಂಡು, ಅತ್ತಿಗೆ ಪಾತ್ರೆ ತೊಳೆಯೋ ಸದ್ದಿಗೆ ತಲೆ ಹಿಡ್ಕೊಂಡಿದ್ದ. ಈಗ ರೂಢಿ ಆಗಿದೆ.

ಮೊನ್ನೆ ಭಾನುವಾರ ಸಂಜೆ ನಮ್ಮನೆ ಪಡಸಾಲೆಯಲ್ಲಿ ಕೂರಿಸಿದೆ. ಕಿವಿಮಾತು ಅವರು ಹೇಳಿದ ಹಾಗೆ 2021ರದ್ದೇ ಮೊದಲು ಹಾಕಿದೆ, ಯಾರದು ಅಂತ ಹೇಳಲಿಲ್ಲ. ಮೊದಲ ಹಾಡು ಪಿಯಾನೋದ ಮೇಲೆ ನಿಧಾನಕ್ಕೆ ಶುರುವಾಗುತ್ತೆ, ಫ್ರೀಡಾ ಒಬ್ಬರೇ ತಗ್ಗಿನಲ್ಲಿ ಹಾಡ್ತಾರೆ. ಅಣ್ಣ ಎರಡು ಸಾಲು ಕೇಳಿದ. ತಲೆ ಎತ್ತಿದ. ಸ್ಪೀಕರ್ ನೋಡಿದ, ನನ್ನ ನೋಡಿದ.

"ಸೆಲ್ ವೀಕಾಗದೆ ಕಣವ್ವ" ಅಂದ.

ನಾನು ಉತ್ತರ ಕೊಡೋ ಸ್ಥಿತಿಯಲ್ಲಿ ಇರಲಿಲ್ಲ. ಮಂಡ್ಯದ ಕತ್ತಲೆ ಸಂಜೆಗಳಲ್ಲಿ ಆ ಟೂ-ಇನ್-ಒನ್ ಮುಂದೆ ಕೂತು ಈ ಇಳಿದ ದನಿಯನ್ನ ನಾವಿಬ್ಬರೂ ಆಗಲೇ ಕೇಳಿದ್ವಿ. ಅವರು ಅಷ್ಟು ವಯಸ್ಸಾಗಿ ಅದನ್ನ ಹಾಡೋಕೆ ಮೂವತ್ತು ವರ್ಷ ಮೊದಲೇ ನಮಗೆ ಅದು ಪರಿಚಯ ಇತ್ತು.

ಪೂರ್ತಿ ಕೇಳಿದ. ಮಧ್ಯೆ ಒಂದ್ಸಲ "ಇವ್ಳು ಆ ಹಳದಿ ಕೂದ್ಲೋಳಲ್ವಾ" ಅಂತ ಆಗ್ನೆತಾ ದನಿ ಗುರುತು ಹಿಡಿದ. ಕ್ಯಾಸೆಟ್ಟನ್ನ ಆಮೇಲೆ ಹಾಕಿದ್ವಿ. ಎಲ್ಲ ಕೇಳಿಸಲ್ಲ ಅಂದ, ಕೇಳಿಸದ ಕಡೆ ತಾನೇ ಬಾಯಲ್ಲಿ ಗುನುಗಿದ.

ಅಗ್ರಹಾರದ ಯಜಮಾನ್ರೇ, ಈಗ ನಿಮ್ಮ ಹತ್ರ ಒಂದು ಕೆಲಸ ಇದೆ. ಅವನಿಗೆ ಹೊಸದೂ ಕ್ಯಾಸೆಟ್ಟಲ್ಲೇ ಬೇಕಂತೆ. ಹತ್ತು ಹಾಡು, ಎಲ್ಲ ಸೇರಿ ನಲವತ್ತು ನಿಮಿಷದೊಳಗೆ, ಅರವತ್ತು ನಿಮಿಷದ ಒಂದು ಸಿ-60 ಕ್ಯಾಸೆಟ್ಟಲ್ಲಿ ಒಂದೊಂದು ಕಡೆಗೆ ಐದೈದು ಹಿಡಿಯುತ್ತೆ. ಖಾಲಿ ಟಿಡಿಕೆ ನಿಮ್ಮ ಹತ್ರ ಉಳಿದಿದ್ರೆ ತುಂಬಿಸಿಕೊಡ್ತೀರಾ? ಡಬ್ಬಿ ಬೆನ್ನಿನ ಮೇಲೆ ನೀಲಿ ಇಂಕಲ್ಲಿ ಬರೆಯೋದು ಅವನೇ ಬರೀತಾನಂತೆ.